ಇದ್ದುದರಲ್ಲೇ ದಾಸೋಹ



ಶ್ರಾವಣ ಮಾಸ ಸಮೀಪಿಸಿತೆಂದರೆ ಭಕ್ತರು ಮಠಕ್ಕೆ ಬಂದು ಬಿನ್ನಹಕ್ಕೆ ದಿನ ಕೇಳುವುದು ನಮ್ಮ ಕಡೆಯ ಪದ್ಧತಿ. ಯಜಮಾನರು ದಿನ ಗೊತ್ತುಮಾಡಿಕೊಂಡು ಎದ್ದ ಮೇಲೆ, ಹಿಂದೆ ನಿಂತಿದ್ದ ತಾಯಂದಿರು ಸೆರಗು ಸರಿಮಾಡಿಕೊಂಡು ಇನ್ನೊಂದು ಮಾತು ಕೇಳುತ್ತಾರೆ: 'ಬುದ್ಧಿ, ಅಡಿಗೆ ಏನು ಮಾಡಿಸೋಣ?' ಮೊದಲು ಈ ಪ್ರಶ್ನೆಗೆ ಸಾರಿಗೆ ಬೇಳೆಯೋ ಕಾಳೋ ಎಂಬಷ್ಟೇ ಅರ್ಥವಿತ್ತು. ಈಗ ಯಾವ ಅಡಿಗೆಯವರನ್ನು ಕರೆಸಬೇಕು, ಸಿಹಿ ಎಷ್ಟು ಬಗೆ, ಪಲ್ಯ ಎಷ್ಟು ಬಗೆ, ಪಕ್ಕದ ಮನೆಯ ಬಿನ್ನಹದಲ್ಲಿ ಏನೇನಿತ್ತು ಎಂಬವೆಲ್ಲ ಅದರೊಳಗೆ ಸೇರಿಕೊಂಡಿವೆ. ಕೇಳುವ ತಾಯಿಯ ಮುಖದಲ್ಲಿ ಭಕ್ತಿಯ ಜೊತೆಗೆ ಒಂದು ಅಂಜಿಕೆಯೂ ಕಾಣುತ್ತದೆ. ಆ ಅಂಜಿಕೆಯ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ನಾವು ಈ ವಾರ ಹೊರಟಿದ್ದೇವೆ.

ಕೆಲವು ವರ್ಷಗಳ ಹಿಂದೆ ಒಂದು ಗ್ರಾಮದಲ್ಲಿ ಬಿನ್ನಹ ನಡೆಯಿತು. ಮನೆ ಚಿಕ್ಕದು, ಜಮೀನು ಎರಡೆಕರೆ ಖುಷ್ಕಿ. ಆದರೆ ಅಂದು ಎಲೆಯ ಹಸಿರು ಕಾಣದಂತೆ ಬಡಿಸಿದ್ದರು. ಮೂರು ಬಗೆ ಸಿಹಿ, ಎರಡು ಬಗೆ ಚಿತ್ರಾನ್ನ, ಪಟ್ಟಣದಿಂದ ಕರೆಸಿದ ಅಡಿಗೆಯವರು ಕರಿದ ಏನೇನೋ ತಿನಿಸುಗಳು. ತಿಂಗಳ ನಂತರ ಅದೇ ಗ್ರಾಮದ ಹಿರಿಯರೊಬ್ಬರು ಬೇರೆ ಮಾತಿನ ನಡುವೆ ತಿಳಿಸಿದರು, ಆ ಮನೆಯ ತಾಯಿ ಅಂದಿನ ಖರ್ಚಿಗಾಗಿ ಕಿವಿಯ ಓಲೆ ಒತ್ತೆಯಿಟ್ಟಿದ್ದರು ಎಂದು. ಬಡ್ಡಿ ಓಡುತ್ತಲೇ ಇತ್ತು. ಓಲೆ ಬಿಡಿಸಿಕೊಳ್ಳಲು ಆ ವರ್ಷದ ರಾಗಿಯೇ ಮಾರಾಟವಾಯಿತು. ಗುರುವಿನ ಪಾದ ಮನೆಯೊಳಗೆ ಬಂದ ಕಾರಣಕ್ಕೆ ಮಕ್ಕಳ ಕಣಜದ ರಾಗಿ ಹೊರಗೆ ಹೋಗುವುದಾದರೆ ಅಂಥ ಪಾದಪೂಜೆ ಯಾರ ಶ್ರೇಯಸ್ಸಿಗೆ? ಅಂದಿನಿಂದ ನಾವು ಒಂದು ನಿಯಮ ಮಾಡಿಕೊಂಡಿದ್ದೇವೆ. ಬಿನ್ನಹಕ್ಕೆ ಆ ಮನೆಯ ಒಲೆಯ ಮೇಲೆ ಆ ಮನೆಯವರೇ ಮಾಡಿದ ಅಡಿಗೆ, ಸಿಹಿ ಇದ್ದರೆ ಒಂದೇ. ಇದು ಕೇಳಿ ಕೆಲವರಿಗೆ ಬೇಸರವಾಗಿದೆ, ಬಲ್ಲೆವು. ಅನುಕೂಲವಂತ ಭಕ್ತರೊಬ್ಬರು, 'ಬುದ್ಧಿ, ನಮಗೆ ಶಕ್ತಿಯಿದೆ, ನಮಗೇಕೆ ಕಟ್ಟು?' ಎಂದರು. ಶಕ್ತಿಯಿದ್ದವರು ಐದು ಸಿಹಿ ಬಡಿಸಿದ್ದನ್ನು ನೋಡಿಯೇ ಶಕ್ತಿಯಿಲ್ಲದವರು ಓಲೆ ಬಿಚ್ಚುವುದು ಎಂದು ಹೇಳಿದೆವು. ಅವರು ಸುಮ್ಮನಾದರು.

ಶಾಸ್ತ್ರದ ದೃಷ್ಟಿಯಿಂದಲೂ ಇದನ್ನು ವಿಚಾರ ಮಾಡಬೇಕು. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಅಷ್ಟಾವರಣದಲ್ಲಿ ಪ್ರಸಾದವೂ ಒಂದು. ಒಲೆಯಿಂದ ಇಳಿಸಿದ ಅನ್ನ ಇನ್ನೂ ಪದಾರ್ಥ ಮಾತ್ರ. ಇಷ್ಟಲಿಂಗಕ್ಕೆ ಅರ್ಪಿತವಾದ ಮೇಲೆ ಅದು ಪ್ರಸಾದ. ಈ ಮಾತು ಎಲ್ಲರಿಗೂ ಗೊತ್ತು. ಆದರೆ ಅರ್ಪಣೆಗೆ ಮೊದಲು ಆ ಪದಾರ್ಥ ಎಲ್ಲಿಂದ ಬಂತು ಎಂಬ ವಿಚಾರಕ್ಕೆ ಶರಣರು ಕೊಟ್ಟ ಮಹತ್ತ್ವವನ್ನು ನಾವು ಮರೆಯುತ್ತಿದ್ದೇವೆ. ಕಾಯಕದಿಂದ ಬಂದದ್ದು ಮಾತ್ರ ಅರ್ಪಣೆಗೆ ಯೋಗ್ಯವೆಂಬುದು ಅವರ ನಿಲುವು. ಸಾಲದ ತುಪ್ಪ ಮೂಗಿಗೆ ಘಮಘಮಿಸಬಹುದು, ಅರ್ಪಣೆಯ ಯೋಗ್ಯತೆಯನ್ನು ಆ ಘಮಲು ತಂದುಕೊಡುವುದಿಲ್ಲ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ಹಿರಿಯರು ಕೇಳಿಯೇ ಇದ್ದೀರಿ. ಅವರು ಅಮರೇಶ್ವರ ಕಡೆಯಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಲ್ಲದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಕಳಿಸಿದಳು. ಆ ಮಿತವಾದ ಅಕ್ಕಿಯಲ್ಲಿಯೇ ಜಂಗಮ ಸಮೂಹಕ್ಕೆ ದಾಸೋಹ ನಡೆಯಿತು. ಎಷ್ಟು ಜನ ಉಂಡರು ಎಂಬ ಲೆಕ್ಕವನ್ನು ಪವಾಡವೆಂದು ಬೇಕಾದರೆ ಬದಿಗಿಡಿ. ಗಂಡನನ್ನು ಹಿಂದಕ್ಕೆ ಕಳಿಸಿದ ಹೆಣ್ಣುಮಗಳ ಧೈರ್ಯವನ್ನು ಮಾತ್ರ ಬದಿಗಿಡಬೇಡಿ. ಇವತ್ತು 'ಇಷ್ಟು ಸಾಕು' ಎಂದು ಗಂಡನಿಗೆ ಹೇಳಬಲ್ಲ ಲಕ್ಕಮ್ಮಂದಿರು ಎಷ್ಟು ಮನೆಯಲ್ಲಿದ್ದಾರೆ? ಹೇಳಿದರೆ ಕೇಳುವ ಮಾರಯ್ಯಂದಿರು ಎಷ್ಟು ಮಂದಿ?

ಮಾದಾರ ಚೆನ್ನಯ್ಯನ ಕಥೆಯಂತೂ ನೇರವಾಗಿ ಅಡಿಗೆಯದೇ ಕಥೆ. ಆತ ಚೋಳರಾಜನ ಕುದುರೆಗಳಿಗೆ ಹುಲ್ಲು ತರುತ್ತಿದ್ದ ಗುಪ್ತಭಕ್ತ. ಅರಮನೆಯಲ್ಲಿ ಶಿವನಿಗೆ ನಿತ್ಯ ಷಡ್ರಸದ ನೈವೇದ್ಯ. ಒಂದು ದಿನ ಶಿವನು ಅದನ್ನು ಮುಟ್ಟಲಿಲ್ಲ. ದೊರೆ ಹೌಹಾರಿ ಕಾರಣ ಕೇಳಿದಾಗ, ಚೆನ್ನಯ್ಯನ ಮನೆಯ ಅಂಬಲಿಯ ಸವಿ ನಾಲಿಗೆಯ ಮೇಲಿದೆ ಎಂಬ ಉತ್ತರ ಬಂತು. ಹಿಟ್ಟು, ನೀರು, ಉಪ್ಪು ಸೇರಿದರೆ ಅಂಬಲಿ. ಅದಕ್ಕಿಂತ ಕಡಿಮೆ ಖರ್ಚಿನ ಅಡಿಗೆ ಲೋಕದಲ್ಲಿ ಇನ್ನೊಂದಿದೆಯೆ?

ಮುದನೂರಿನ ದೇವರ ದಾಸಿಮಯ್ಯನವರ ಧರ್ಮಪತ್ನಿ ದುಗ್ಗಳೆಯ ಪಾಯಸವೂ ನೆನಪಿಗೆ ಬರುತ್ತದೆ. ದಾಸಿಮಯ್ಯ ಕನ್ಯೆ ನೋಡಲು ಹೊರಟಾಗ ಮರಳು ಬೆರೆತ ಅಕ್ಕಿಯನ್ನೂ ಕಬ್ಬನ್ನೂ ಹಿಡಿದುಕೊಂಡು ಹೋಗಿ, ಬೇರೆ ಸೌದೆ ನೀರು ಬಳಸದೆ ಇದರಲ್ಲಿ ಪಾಯಸ ಮಾಡಿಕೊಡುವ ಹುಡುಗಿಯನ್ನು ವರಿಸುತ್ತೇನೆ ಎಂದನೆಂದು ಹಿರಿಯರು ಹೇಳುತ್ತಾರೆ. ದುಗ್ಗಳೆ ಕಬ್ಬಿನ ಹಾಲನ್ನು ನೀರಾಗಿಸಿ, ಹಿಂಡಿದ ಸಿಪ್ಪೆಯನ್ನು ಉರಿಯಾಗಿಸಿ ಪಾಯಸ ಮಾಡಿದಳು. ನಮ್ಮ ಮಂಡ್ಯದ ಆಲೆಮನೆಗಳಲ್ಲಿ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಕೊಪ್ಪರಿಗೆಯ ಕೆಳಗೆ ಉರಿಸುವುದನ್ನು ಕಂಡಾಗಲೆಲ್ಲ ನಮಗೆ ದುಗ್ಗಳೆಯ ನೆನಪಾಗುತ್ತದೆ. ಇದ್ದುದರಲ್ಲಿ ಮಾಡುವುದೆಂದರೆ ಕೊರತೆಯಲ್ಲಿ ಮಾಡುವುದೆಂದು ತಿಳಿಯಬಾರದು. ಅದಕ್ಕೆ ಹೆಚ್ಚು ಬುದ್ಧಿ ಬೇಕು.

ಇನ್ನು ಅಡಿಗೆಯ ಮಾತಿಗೇ ಬರೋಣ. ಮಠಾಧಿಪತಿಗಳಿಗೆ ಒಲೆಯ ವಿಚಾರವೇಕೆ ಎಂದು ಯಾರಾದರೂ ನಗಬಹುದು. ಮಠದಲ್ಲಿ ಬೆಳೆದ ವಟುಗಳು ಮೊದಲು ಕಲಿಯುವುದು ದಾಸೋಹದ ಕೊಟ್ಟಿಗೆಯಲ್ಲಿ ಸೊಪ್ಪು ಬಿಡಿಸುವುದನ್ನು, ಮಂತ್ರ ಆಮೇಲೆ.

ಒಮ್ಮೆ ನಂಜನಗೂಡು ಕಡೆಯ ಗ್ರಾಮವೊಂದರಲ್ಲಿ ಮಳೆಗೆ ದಾರಿ ಕಟ್ಟಿ, ಗೊತ್ತಾದ ಮನೆಗೆ ತಲುಪಲಾಗದೆ, ಹತ್ತಿರದ ಭಕ್ತರ ಮನೆಯಲ್ಲಿ ನಿಲ್ಲಬೇಕಾಯಿತು. ಆ ಮನೆಯ ಅಜ್ಜಿ ಕೈ ಹೊಸೆಯುತ್ತ, 'ಏನೂ ಮಾಡಿಲ್ಲ ಬುದ್ಧಿ, ಬರೀ ಉಪ್ಸಾರು ಹಿಟ್ಟು' ಎಂದರು. 'ಅದನ್ನೇ ಬಡಿಸಿ ತಾಯಿ' ಎಂದೆವು. ಆಮೇಲೆ ಅವರನ್ನು ಕೂರಿಸಿಕೊಂಡು ಮಾಡುವ ಕ್ರಮವನ್ನು ಕೇಳಿ ತಿಳಿದೆವು. ಹೊಸದಾಗಿ ಸಂಸಾರ ಹೂಡಿದವರಿಗೆ, ಪಟ್ಟಣ ಸೇರಿದ ಮಕ್ಕಳಿಗೆ ಉಪಯೋಗವಾಗಲೆಂದು ಇಲ್ಲಿ ಹೇಳುತ್ತೇವೆ. ಹಳ್ಳಿಯ ತಾಯಂದಿರು ಇದನ್ನು ಓದಿ ನಕ್ಕರೂ ಚಿಂತೆಯಿಲ್ಲ.

ಐದು ಜನಕ್ಕೆ ಅರ್ಧ ಪಾವು ತೊಗರಿಬೇಳೆ, ಇಲ್ಲವೆ ಹೆಸರುಕಾಳು, ಅಲಸಂದೆ ಕಾಳು. ಕಾಳಾದರೆ ರಾತ್ರಿಯೇ ನೆನೆಹಾಕಿರಬೇಕು. ನೀರು ಧಾರಾಳವಾಗಿರಲಿ, ಸಾರಾಗುವುದು ಆ ನೀರೇ. ಬೇಳೆ ಬೆರಳಲ್ಲಿ ಹಿಸುಕಿದರೆ ಹಿಸುಕಬೇಕು, ಕರಗಿಹೋಗಿರಬಾರದು. ಆ ಹದಕ್ಕೆ ಬಂದಾಗ ಎರಡು ಕಟ್ಟು ದಂಟಿನ ಸೊಪ್ಪನ್ನೋ ಕೀರೆಸೊಪ್ಪನ್ನೋ ತೊಳೆದು ಹೆಚ್ಚಿ ಹಾಕಿ, ಉಪ್ಪು ಹಾಕಿ, ಸೊಪ್ಪು ಬೆಂದ ಕೂಡಲೆ ಬಸಿಯಬೇಕು. ಬಸಿದ ಕಟ್ಟು ಒಂದು ಕಡೆ, ಬೇಳೆ ಸೊಪ್ಪು ಒಂದು ಕಡೆ. ಬೇಳೆ ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯವಾಯಿತು. ಇನ್ನು ಖಾರ. ಏಳೆಂಟು ಹಸಿಮೆಣಸಿನಕಾಯಿಗಳನ್ನು ಕೆಂಡದ ಮೇಲೆ ಅಥವಾ ಬಾಣಲೆಯಲ್ಲಿ ಸುಟ್ಟು, ಒಂದು ಚಮಚ ಜೀರಿಗೆ, ಹತ್ತು ಕಾಳು ಮೆಣಸು, ಬೆಳ್ಳುಳ್ಳಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಕೊತ್ತಂಬರಿ ಸೊಪ್ಪು, ಉಪ್ಪು ಸೇರಿಸಿ ನುಣ್ಣಗೆ ರುಬ್ಬಬೇಕು. ಪೂಜೆಯ ದಿನ ಬೆಳ್ಳುಳ್ಳಿ ಬಿಡುವ ಮನೆಯವರು ಮೆಣಸು ಜೀರಿಗೆಯನ್ನು ತುಸು ಹೆಚ್ಚಿಸಿಕೊಂಡರೆ ಸಾಕು. ಈ ಖಾರವನ್ನು ಸಾರಿಗೆ ಕಲಸಿ ಕುದಿಸಬಾರದು. ಹಾಗೆ ಮಸಾಲೆ ಕೂಡಿಸಿ ಕುದಿಸಿದರೆ ಅದು ಬಸ್ಸಾರಿನ ದಾರಿ ಹಿಡಿಯುತ್ತದೆ. ಉಪ್ಸಾರಿನಲ್ಲಿ ಖಾರವನ್ನು ತಳಿಗೆಯ ಅಂಚಿಗೆ ಬಡಿಸುತ್ತಾರೆ. ಉಣ್ಣುವವರು ತಮಗೆ ಬೇಕಾದಷ್ಟು ಬಿಸಿ ಕಟ್ಟಿನಲ್ಲಿ ಕದಡಿಕೊಳ್ಳುತ್ತಾರೆ. ಮನೆಯಲ್ಲಿ ಮೂರು ವರ್ಷದ ಮಗುವಿದೆ, ಎಂಬತ್ತು ವರ್ಷದ ಅಜ್ಜನಿದ್ದಾನೆ, ಹೊಲದಿಂದ ಬಂದ ಮಗನಿದ್ದಾನೆ. ಒಂದೇ ಪಾತ್ರೆಯ ಸಾರು ಮೂವರಿಗೂ ಒಗ್ಗುತ್ತದೆ. ಹಿಂದಿನವರ ಈ ಉಪಾಯಕ್ಕೆ ನಾವು ತಲೆದೂಗುತ್ತೇವೆ.

ಮುದ್ದೆಯ ವಿಷಯದಲ್ಲಿ ಪಟ್ಟಣದ ಸೊಸೆಯಂದಿರು ಹೆದರುವುದು ಗಂಟಿಗೆ. ಒಂದು ಪಾವು ಹಿಟ್ಟಿಗೆ ಸುಮಾರು ಎರಡು ಪಾವು ನೀರು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಕಾಯುವ ನೀರಿಗೆ ಬಿಡಬೇಕು. ಅದು ಗಂಜಿಯಂತಾಗಿ ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗೋಪುರದಂತೆ ಸುರಿದು, ಕೈಹಾಕದೆ, ಸಣ್ಣ ಉರಿಯಲ್ಲಿ ಐದು ನಿಮಿಷ ಬೇಯಲು ಬಿಡಬೇಕು. ಅವಸರದವರು ಇಲ್ಲಿಯೇ ಕೆಡಿಸುವುದು. ಬೆಂದ ಮೇಲೆ ಕೋಲಿನಿಂದ ಚೆನ್ನಾಗಿ ತಿರುವಿ, ಮುಚ್ಚಿ ಒಂದು ಹಬೆ ಬರಿಸಿ, ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟುವುದು. ತಿರುವುವುದಕ್ಕೆ ರಟ್ಟೆಯಲ್ಲಿ ಬಲ ಬೇಕು. ಗಂಡುಮಕ್ಕಳು ಅದೊಂದು ಕೆಲಸವನ್ನಾದರೂ ವಹಿಸಿಕೊಳ್ಳಲಿ. ಪಾದಪೂಜೆಗೆ ಮುಂದೆ ಬಂದು ಕೂರುವ ಯಜಮಾನರು ಕೋಲು ಹಿಡಿಯಲು ಹಿಂಜರಿಯುವುದೇಕೆ?

ರಾಗಿಯನ್ನು ಬಡವರ ಊಟವೆಂದು ಅತಿಥಿಗಳಿಂದ ಮುಚ್ಚಿಡುವವರಿಗೆ ಇನ್ನೊಂದು ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದೆಯೆಂದೂ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು ಎಂದೂ ಆಹಾರಶಾಸ್ತ್ರ ಬಲ್ಲವರು ಹೇಳುತ್ತಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು. ರೈತರು ಅವರನ್ನು ರಾಗಿ ಲಕ್ಷ್ಮಣಯ್ಯನವರೆಂದೇ ಕರೆದರು. ಭಾರತ ಮುಂದಿಟ್ಟ ಸಲಹೆಯಂತೆ ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಲೋಕವೇ ಹುಡುಕಿಕೊಂಡು ಬಂದ ಧಾನ್ಯವನ್ನು ನಾವು ಸ್ವಾಮಿಗಳು ಬಂದ ದಿನ ಒಳಕೋಣೆಗೆ ಸೇರಿಸುತ್ತೇವೆ!

ಸಿಹಿ ಒಂದೇ ಎಂದೆವಲ್ಲ, ಆ ಒಂದಕ್ಕೆ ಹೆಸರುಬೇಳೆ ಪಾಯಸ ಸಾಕು. ಬೇಳೆಯನ್ನು ಘಮ್ಮೆನ್ನುವ ತನಕ ಬರಿ ಬಾಣಲೆಯಲ್ಲಿ ಹುರಿದು ಮೆತ್ತಗೆ ಬೇಯಿಸಿ. ಬೇಳೆಯಷ್ಟೇ ತೂಕದ ಬೆಲ್ಲವನ್ನು ಬೇರೆಯಾಗಿ ಕರಗಿಸಿ ಸೋಸಿ ಹಾಕಿ, ಅಚ್ಚಿನಲ್ಲಿ ಕಸ ಮಣ್ಣು ಇರುತ್ತದೆ. ನೆನೆಸಿದ ಒಂದು ಚಮಚ ಅಕ್ಕಿಯೊಡನೆ ಅರ್ಧ ಹೋಳು ಕಾಯಿ ರುಬ್ಬಿ ಕೂಡಿಸಿ ಒಂದು ಕುದಿ, ಏಲಕ್ಕಿ. ಹಾಲು ಹಾಕುವುದಿದ್ದರೆ ಒಲೆಯಿಂದ ಇಳಿಸಿ ಆರಿದ ಮೇಲೆ ಹಾಕಿ, ಕುದಿಯುವಾಗ ಹಾಕಿದರೆ ಬೆಲ್ಲಕ್ಕೆ ಒಡೆದೀತು. ದ್ರಾಕ್ಷಿ ಗೋಡಂಬಿ ಇಲ್ಲವೆಂದು ಯಾರೂ ಅಂಗಡಿಗೆ ಓಡಬೇಕಿಲ್ಲ.

ದಿಢೀರನೆ ಬರುವ ನೆಂಟರಿಗೆ ತಂಬಿಟ್ಟು ಇದ್ದೇ ಇದೆ. ಶಿವರಾತ್ರಿಗೆ ಮಾತ್ರ ಮಾಡುವುದನ್ನು ಬಿಟ್ಟು ಆಗಾಗ ಮಾಡಿಡಿ. ಒಂದು ಪಾವು ಅಕ್ಕಿಯನ್ನು ಕೆಂಪಗೆ ಹುರಿದು, ಅರ್ಧ ಪಾವು ಹುರಿಗಡಲೆ ಸೇರಿಸಿ ಬೀಸಿ, ಹುರಿದ ಎಳ್ಳು, ಕಡಲೆಕಾಯಿ ಬೀಜ, ಕೊಬ್ಬರಿ ಚೂರು ಬೆರೆಸಿ, ಬೆಲ್ಲದ ಎಳೆಪಾಕದಲ್ಲಿ ಕಲಸಿ ಉಂಡೆ ಕಟ್ಟಿದರೆ ಡಬ್ಬಿಯಲ್ಲಿ ವಾರ ಕಳೆದರೂ ಕೆಡುವುದಿಲ್ಲ. ಶಾಲೆಯಿಂದ ಬಂದ ಮಕ್ಕಳಿಗೂ ಆಯಿತು, ಬಾಗಿಲಿಗೆ ಬಂದವರಿಗೂ ಆಯಿತು. ನಮ್ಮೂರಿನ ಅರಮನೆಯ ಅಡಿಗೆ ಮನೆಯಲ್ಲಿ ಕಾಕಾಸುರ ಮಾದಪ್ಪನವರ ಕೈಯಲ್ಲಿ ಹುಟ್ಟಿದ ಮೈಸೂರು ಪಾಕಕ್ಕೆ ನಮ್ಮ ವಿರೋಧವೇನೂ ಇಲ್ಲ. ಆದರೆ ಅದು ಅರಮನೆಯ ತುಪ್ಪದ ಲೆಕ್ಕ, ಎರಡೆಕರೆ ಖುಷ್ಕಿಯ ಲೆಕ್ಕವಲ್ಲ.

ಸಿಹಿಯ ಮಾತು ಬಂದಾಗ ಸಕ್ಕರೆ ಕಾಯಿಲೆಯವರನ್ನೂ ನೆನೆಯಬೇಕು. 'ಪ್ರಸಾದ, ಬೇಡವೆನ್ನಬಾರದು' ಎಂದು ಬಲವಂತ ಮಾಡಿ ಎರಡನೆಯ ಸಲ ಪಾಯಸ ಸುರಿಯುವವರಿದ್ದಾರೆ. ಪ್ರಸಾದವನ್ನು ಬಿಡಬಾರದು ಎಂಬುದು ನಿಜ. ಆದ್ದರಿಂದಲೇ ಬಡಿಸುವವರು ಕೇಳಿ ಬಡಿಸಬೇಕು. ಉಂಡ ತಳಿಗೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಹಿರಿಯರು ನಮ್ಮ ಸಮಾಜದಲ್ಲಿ ಇಂದಿಗೂ ಇದ್ದಾರೆ. ಒಂದು ಅಗುಳು ಚೆಲ್ಲಬಾರದೆಂಬ ನಿಷ್ಠೆ ಅದು. ಕೇಳದೆ ಸುರಿದು, ಆಮೇಲೆ ಎಲೆ ಮಡಿಚಿ ತಿಪ್ಪೆಗೆ ಹಾಕುವ ಇಂದಿನ ಕಲ್ಯಾಣ ಮಂಟಪಗಳ ಊಟಕ್ಕೂ ಆ ತಳಿಗೆಗೂ ಎಷ್ಟು ದೂರ!

ಹಾಗಾದರೆ ಮಠಗಳಲ್ಲಿ ಸಾವಿರಾರು ಜನರಿಗೆ ಅಡಿಗೆಯಾಗುವುದಿಲ್ಲವೆ ಎಂದು ಕೇಳಬಹುದು. ಆಗುತ್ತದೆ. ಕಪಿಲಾ ತೀರದ ಸುತ್ತೂರು ಕ್ಷೇತ್ರದ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1941ರಲ್ಲಿ ಇದೇ ಮೈಸೂರಿನಲ್ಲಿ ಹಳ್ಳಿಯ ಬಡ ಮಕ್ಕಳಿಗಾಗಿ ಉಚಿತ ಪ್ರಸಾದ ನಿಲಯ ಆರಂಭಿಸಿದರು. ವಿದ್ಯಾಪೀಠ ರೂಪುಗೊಂಡದ್ದು 1954ರಲ್ಲಿ. ಮೊದಲು ಅನ್ನ, ಅದರ ಹಿಂದೆ ಅಕ್ಷರ. ಈ ಕ್ರಮವನ್ನು ಗಮನಿಸಿ. ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳವರು 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ರಾಜ್ಯ ಸರ್ಕಾರ ಆ ದಿನವನ್ನು ದಾಸೋಹ ದಿನವೆಂದು ಗುರುತಿಸಿದೆ. ಅಲ್ಲಿನ ಸಾವಿರಾರು ಮಕ್ಕಳ ತಟ್ಟೆಗೆ ಬೀಳುವುದೂ ಮುದ್ದೆ, ಅನ್ನ, ಸಾರು. ಇಂಥ ಒಲೆಗಳು ಆರದೆ ಉರಿದದ್ದು ಒಬ್ಬ ಶ್ರೀಮಂತರ ಗಂಟಿನಿಂದಲ್ಲ. ಅಕ್ಕಿ ತೊಳೆಯುವ ಮೊದಲು ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕಿಡುವ ಹೆಣ್ಣುಮಕ್ಕಳು ಊರೂರಿನಲ್ಲಿದ್ದರು. ಆ ಮುಷ್ಟಿ ಅಕ್ಕಿ ತಿಂಗಳ ಕೊನೆಗೆ ಮಠಕ್ಕೋ ಬಡ ವಿದ್ಯಾರ್ಥಿಗೋ ಸೇರುತ್ತಿತ್ತು. ಈಗ ಅಕ್ಕಿ ಚೀಲದಿಂದ ನೇರ ಕುಕ್ಕರಿಗೆ ಹೋಗುತ್ತದೆ, ಗಡಿಗೆ ಅಟ್ಟ ಸೇರಿದೆ.

ಮೈಸೂರಿನ ಬಡಾವಣೆಗಳಲ್ಲಿ ಬೇರೊಂದು ಬಗೆಯ ಹಸಿವನ್ನೂ ನಾವು ಕಾಣುತ್ತಿದ್ದೇವೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ದೊಡ್ಡ ಮನೆಯಲ್ಲಿ ವೃದ್ಧ ದಂಪತಿಗಳು, ಇಲ್ಲವೆ ಅವರಲ್ಲಿ ಉಳಿದ ಒಬ್ಬರು. ಒಬ್ಬರಿಗಾಗಿ ಏನು ಮಾಡುವುದೆಂದು ಒಲೆ ಹಚ್ಚುವುದನ್ನೇ ಬಿಟ್ಟು, ಬೆಳಗಿನ ಎರಡು ಇಡ್ಲಿಯಲ್ಲಿ ದಿನ ಕಳೆಯುತ್ತಾರೆ. ಹೋಟೆಲಿನಿಂದ ಪೊಟ್ಟಣ ಮನೆಬಾಗಿಲಿಗೆ ಬರುವ ಕಾಲ ಇದು. ಆದರೆ ಪೊಟ್ಟಣ ತಂದ ಹುಡುಗ ಒಳಗೆ ಬಂದು ಜೊತೆಗೆ ಕೂತು ಉಣ್ಣುವುದಿಲ್ಲವಲ್ಲ. ಅಂಥ ಒಬ್ಬ ನಿವೃತ್ತ ಉಪಾಧ್ಯಾಯರಿಗೆ ನಾವು ಸೋಮವಾರಕ್ಕೊಮ್ಮೆ ಎದುರು ಮನೆಯ ಬಾಡಿಗೆ ಕೋಣೆಯ ಇಬ್ಬರು ವಿದ್ಯಾರ್ಥಿಗಳನ್ನು ಊಟಕ್ಕೆ ಕರೆಯುವಂತೆ ಹೇಳಿದೆವು. 'ನನಗೆ ಅಡಿಗೆ ಬಾರದು ಬುದ್ಧಿ' ಎಂದರು. ಉಪ್ಸಾರಿನ ಕ್ರಮ ಹೇಳಿಕೊಟ್ಟೆವು. ಮುದ್ದೆ ತಿರುವುವ ಕೆಲಸ ಆ ಹುಡುಗರದು. ಈಗ ಸೋಮವಾರದ ಜೊತೆಗೆ ಗುರುವಾರವೂ ಸೇರಿಕೊಂಡಿದೆಯಂತೆ. ಒಬ್ಬ ಹುಡುಗ ಲೆಕ್ಕದ ಪಾಠವನ್ನೂ ಅವರಲ್ಲೇ ಹೇಳಿಸಿಕೊಳ್ಳುತ್ತಿದ್ದಾನೆ. ದಾಸೋಹಕ್ಕೆ ಮಠವೇ ಬೇಕೆಂದಿಲ್ಲ, ಜಂಗಮರು ಕಾವಿಯಲ್ಲೇ ಬರಬೇಕೆಂದೂ ಇಲ್ಲ.

ಈ ಶ್ರಾವಣದ ಬಿನ್ನಹಗಳ ಬಗ್ಗೆ ಕೊನೆಯದಾಗಿ ಒಂದು ಸೂಚನೆ. ದಿನ ಗೊತ್ತುಮಾಡಿಕೊಂಡವರು ಹೊರಗಿನ ಅಡಿಗೆಯವರಿಗೆ ಮುಂಗಡ ಕೊಡಬೇಡಿ. ಕೊಟ್ಟಿದ್ದರೆ ಹಿಂದಕ್ಕೆ ಕೇಳಿ. ನಮ್ಮ ಜೊತೆ ಬರುವವರು ಐದು ಜನ, ಅದಕ್ಕಿಂತ ಹೆಚ್ಚಿಲ್ಲ. ಊರಿನವರನ್ನು ಕರೆಯುವ ಆಸೆಯಿದ್ದರೆ ಕರೆಯಿರಿ, ಅವರವರ ಮನೆಯಿಂದ ಒಂದೊಂದು ಪಾತ್ರೆ ಸಾರೋ ಪಲ್ಯವೋ ಬರಲಿ. ರಾತ್ರಿ ಪ್ರಸಾದಕ್ಕೆ ನಮಗೆ ಒಂದು ಲೋಟ ಅಂಬಲಿ ಸಾಕು, ಮಜ್ಜಿಗೆ ಬೆರೆಸಿ, ಸ್ವಲ್ಪ ಜೀರಿಗೆ ಹಾಕಿ. ಅಲಸಂದೆ ಕಾಳಿನ ಉಪ್ಸಾರು ಮಾಡುವ ಮನೆಯವರು ಹಿಂದಿನ ರಾತ್ರಿ ಕಾಳು ನೆನೆಹಾಕುವುದನ್ನು ಮರೆಯದಿರಲಿ.